1,700 ರೂಪಾಯಿಯ ಮೂಟೆ: ದೂರದ ಯುದ್ಧ ಮತ್ತು ವಿ.ಸಿ. ನಾಲೆ ಬಯಲಿನ ಒಂದು ಸೊಸೈಟಿ

ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ನಾಲ್ಕು ಊರಿಗೆ ಸೇರಿದ ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. 2021ರ ಕೊನೆಯಿಂದ 2024ರ ಕೊನೆವರೆಗೆ ಗೊಬ್ಬರ ಕೊಳ್ಳುವುದರಲ್ಲಿ, ಹಂಚುವುದರಲ್ಲಿ ಅದು ತೆಗೆದುಕೊಂಡ ತೀರ್ಮಾನಗಳು ಇಲ್ಲಿವೆ. ಸಂಘದ, ಊರಿನ, ಜನರ ಹೆಸರು ಬಿಟ್ಟಿದೆ. ಗುರುತು ಹತ್ತದಿರಲೆಂದು ಮೂಟೆಗಳ ಲೆಕ್ಕವನ್ನು ಸ್ವಲ್ಪ ಹಿಂದುಮುಂದು ಮಾಡಿದೆ. ಗೊಬ್ಬರದ ದರ, ಪ್ರಮಾಣ, ಹೊರಜಗತ್ತಿನ ಘಟನೆಗಳು ಇದ್ದ ಹಾಗೇ ಇವೆ.

ಹಿನ್ನೆಲೆ

ಸುಮಾರು 860 ಸದಸ್ಯರು. ಹೆಚ್ಚಿನವರದು ಎರಡು ಎಕರೆಗೂ ಕಡಿಮೆ. ನಾಲೆಯ ಮೇಲು ಮಗ್ಗುಲಲ್ಲಿ ಕಬ್ಬು, ತಗ್ಗಿನಲ್ಲಿ ಭತ್ತ, ನೀರು ತಲುಪದ ಕಡೆ ರಾಗಿ. ಮಣ್ಣು ಕೆಂಪು, ಮರಳು ಮಿಶ್ರಿತ. ಇಂಥ ಮಣ್ಣು ಪೊಟ್ಯಾಷನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೆಚ್ಚು ಹರಿದಷ್ಟೂ ತೊಳೆದುಹೋಗುತ್ತದೆ.

ಸಂಘ ಮಾರುತ್ತಿದ್ದದ್ದು ನಾಲ್ಕೇ ಬಗೆ: ಯೂರಿಯಾ, ರಂಜಕಕ್ಕೆ ಡಿಎಪಿ, ಪೊಟ್ಯಾಷ್, ಆಗೀಗ 10-26-26 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಆ ಶೇಕಡದಲ್ಲಿ ಬೆರೆತ ಕಾಂಪ್ಲೆಕ್ಸ್ ಗೊಬ್ಬರ). ಪೊಟ್ಯಾಷ್ ವರ್ಷಕ್ಕೆ ಸರಾಸರಿ 620 ಮೂಟೆ ಹೋಗುತ್ತಿತ್ತು. ಲಾಭ ಅಷ್ಟಕ್ಕಷ್ಟೆ. ಯೂರಿಯಾದಲ್ಲಿ ಮಾರಾಟಗಾರನಿಗೆ ಸಿಗುತ್ತಿದ್ದದ್ದು ಮೂಟೆಗೆ 16 ರೂಪಾಯಿಯೊಳಗೆ. ಹಮಾಲಿ, ಇಲಿ, ಹರಿದ ಚೀಲ ಎಲ್ಲ ಅದರಲ್ಲೇ. ಗೊಬ್ಬರ ಮಾರಾಟವನ್ನು ಆಡಳಿತ ಮಂಡಳಿಯವರು ಸೇವೆ ಎಂದು ನೋಡುತ್ತಿದ್ದರೇ ಹೊರತು ಅದರಲ್ಲಿ ಯೋಚಿಸಿ ತೀರ್ಮಾನ ಮಾಡುವಂಥದ್ದಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮೂರು ಮುಖ್ಯ ಪೋಷಕಾಂಶಗಳಲ್ಲಿ ಪೊಟ್ಯಾಷ್‌ನ ಸ್ಥಿತಿ ಬೇರೆ. ಸಾರಜನಕ ಕೊಡುವ ಯೂರಿಯಾದ ಹೆಚ್ಚಿನ ಪಾಲು ದೇಶದಲ್ಲೇ ತಯಾರಾಗುತ್ತದೆ, ಅದಕ್ಕೆ ಬೇಕಾದ ನೈಸರ್ಗಿಕ ಅನಿಲ ಮಾತ್ರ ಬಹುಮಟ್ಟಿಗೆ ಹೊರಗಿನದು. ಆದರೆ ನಾವು ಪೊಟ್ಯಾಷ್ ಎಂದು ಕರೆಯುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಪೂರ್ತಿ ಹಡಗಿನಲ್ಲೇ ಬರಬೇಕು. ಜಗತ್ತಿನಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾರುವವರು ಬೆರಳೆಣಿಕೆ: ಕೆನಡಾ, ರಷ್ಯಾ, ಬೆಲಾರೂಸ್, ಅವರ ನಂತರ ಮೃತ ಸಮುದ್ರದ ಎರಡು ದಡದ ಇಸ್ರೇಲ್ ಮತ್ತು ಜೋರ್ಡಾನ್, ಜೊತೆಗೆ ಜರ್ಮನಿ. ಇವರಲ್ಲಿ ರಷ್ಯಾ, ಬೆಲಾರೂಸ್ ಎರಡರದೇ ರಫ್ತಿನಲ್ಲಿ ಸುಮಾರು ಶೇ 40 ಪಾಲು. ಯುದ್ಧ ನಡೆಯುವ ಜಾಗದಲ್ಲೇ ಗಣಿಯೂ ಇದ್ದರೆ ಗದ್ದೆಗೆ ಬಿಸಿ ತಟ್ಟದೇ ಇರದು.

ಇದು ಹೊಸದೇನಲ್ಲ. 1914ರಲ್ಲಿ ಜಗತ್ತಿಗೆಲ್ಲ ಪೊಟ್ಯಾಷ್ ಒದಗಿಸುತ್ತಿದ್ದದ್ದು ಜರ್ಮನಿ ಒಂದೇ. ಯುದ್ಧ ಶುರುವಾದ ಮೇಲೆ ಅಮೆರಿಕದ ಹೊಲಗಳು ಅದಕ್ಕಾಗಿ ಪರದಾಡಿದವು. ಅದೇ ಯುದ್ಧ ಮೈಸೂರು ಸೀಮೆಗೆ ಇನ್ನೊಂದು ಬಾಗಿಲಿನಿಂದ ಬಂತು. ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮರಕ್ಕೆ ಕೊಳ್ಳುವವರಿಲ್ಲದಂತಾಗಿ, ಎಣ್ಣೆಯನ್ನು ಇಲ್ಲೇ ತೆಗೆಯೋಣವೆಂದು 1916ರಲ್ಲಿ ಸಂಸ್ಥಾನ ಕೈಹಾಕಿತು. ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯ ಹುಟ್ಟು ಹಾಗೆ. ಗಂಧಕ್ಕೆ ಪರ್ಯಾಯ ದಾರಿ ಸಿಕ್ಕಿತು, ಏಕೆಂದರೆ ಮರ ನಮ್ಮದಾಗಿತ್ತು. ಪೊಟ್ಯಾಷ್‌ನಲ್ಲಿ ಮರವೂ ನಮ್ಮದಲ್ಲ.

ತಪ್ಪಾಗಿ ಓದಿದ ಸುಳಿವು

ಎಲ್ಲ ಕೆಟ್ಟದ್ದು 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನ್‌ಗೆ ನುಗ್ಗಿದ ದಿನ ಶುರುವಾಯಿತು ಎಂದೇ ಸಂಘದಲ್ಲಿ ಎಲ್ಲರೂ ನಂಬಿದ್ದರು. ಈ ನಂಬಿಕೆಯೇ ಮುಂದಿನ ಎರಡು ತಪ್ಪಿಗೂ ಬೇರು. ಪೊಟ್ಯಾಷ್‌ನ ಕಷ್ಟ ಅದಕ್ಕಿಂತ ಒಂಬತ್ತು ತಿಂಗಳು ಹಳೆಯದು.

2021ರ ಮೇ 23ರಂದು ಬೆಲಾರೂಸ್ ಸರ್ಕಾರ ತನ್ನ ಆಕಾಶದಲ್ಲಿ ಹಾದುಹೋಗುತ್ತಿದ್ದ ರಯನ್‌ಏರ್ ವಿಮಾನವನ್ನು ಮಿನ್ಸ್ಕ್‌ನಲ್ಲಿ ಇಳಿಸಿ, ಅದರಲ್ಲಿದ್ದ ವಿರೋಧ ಪಾಳೆಯದ ಪತ್ರಕರ್ತನೊಬ್ಬನನ್ನು ಬಂಧಿಸಿತು. ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಆರ್ಥಿಕ ದಿಗ್ಬಂಧನ ಹೇರಿತು. ಆಗಸ್ಟ್‌ನಲ್ಲಿ ಅಮೆರಿಕ ಅಲ್ಲಿನ ಸರ್ಕಾರಿ ಪೊಟ್ಯಾಷ್ ಗಣಿ ಕಂಪನಿಯನ್ನು, ಡಿಸೆಂಬರ್‌ನಲ್ಲಿ ಅದರ ಮಾರಾಟ ಕಂಪನಿಯನ್ನೂ ದಿಗ್ಬಂಧನದ ಪಟ್ಟಿಗೆ ಸೇರಿಸಿತು. ಬೆಲಾರೂಸ್‌ಗೆ ಸಮುದ್ರವಿಲ್ಲ, ಅದರ ಪೊಟ್ಯಾಷ್ ಹೊರಡುತ್ತಿದ್ದದ್ದು ಪಕ್ಕದ ಲಿಥುವೇನಿಯಾದ ಕ್ಲೈಪೆಡಾ ಬಂದರಿನಿಂದ. 2022ರ ಫೆಬ್ರವರಿ 1ರಿಂದ ಲಿಥುವೇನಿಯಾದ ರೈಲು ಆ ಸರಕು ಸಾಗಿಸುವುದನ್ನು ನಿಲ್ಲಿಸಿತು. ಉಕ್ರೇನ್ ಯುದ್ಧಕ್ಕೆ ಇನ್ನೂ ಮೂರು ವಾರ ಬಾಕಿಯಿತ್ತು. ಇದೇ ಅವಧಿಯಲ್ಲಿ, 2021ರ ಅಕ್ಟೋಬರ್‌ನಿಂದ, ಚೀನಾ ತನ್ನ ಗೊಬ್ಬರದ ರಫ್ತನ್ನು ಬಿಗಿಮಾಡಿತು. ಅದರ ಪೆಟ್ಟು ಬಿದ್ದದ್ದು ಡಿಎಪಿಗೆ. ಭಾರತ ಪೊಟ್ಯಾಷ್ ಕೊಳ್ಳುವ ಒಪ್ಪಂದದ ದರ 2021ರಲ್ಲಿ ಟನ್ನಿಗೆ 280 ಡಾಲರ್ ಇದ್ದದ್ದು 2022ಕ್ಕೆ 590 ಡಾಲರ್ ಆಯಿತು.

ಸಂಘಕ್ಕೆ ಇದರ ಸುಳಿವು ಸಿಗಲಿಲ್ಲವೇ ಎಂದರೆ, ಸಿಕ್ಕಿತ್ತು. 2021ರ ಅಕ್ಟೋಬರ್–ನವೆಂಬರ್‌ನಲ್ಲಿ ಕೇಳಿದಷ್ಟು ಡಿಎಪಿ ಬರಲಿಲ್ಲ. ಸಗಟು ವ್ಯಾಪಾರಿಯೊಬ್ಬರು 100 ಮೂಟೆ ಡಿಎಪಿ ಬೇಕಿದ್ದರೆ ಇಂತಿಷ್ಟು ಸತುವಿನ ಪೊಟ್ಟಣ, ದ್ರವ ಗೊಬ್ಬರದ ಬಾಟಲಿಗಳನ್ನೂ ಎತ್ತಬೇಕೆಂದರು. ಇದಕ್ಕೆ ‘ಲಿಂಕ್’ ಎಂದು ಹೆಸರು. ನಿಯಮದಲ್ಲಿ ಅವಕಾಶವಿಲ್ಲ, ರೂಢಿಯಲ್ಲಿದೆ. ಸಂಘ ಗೊಣಗುತ್ತಲೇ ಎತ್ತಿತು. ಲಿಂಕ್ ಬಿಗಿಯಾಗುವುದು ಮಾಲು ಕಡಿಮೆಯಾಗುವ ಮುನ್ಸೂಚನೆ. ಪ್ರತಿವರ್ಷದ ಕಾಟ ಎಂದುಕೊಂಡು ಅದನ್ನು ಯಾರೂ ಮುಂದಕ್ಕೆ ಯೋಚಿಸಲಿಲ್ಲ.

ಎಂಟು ದಿನದಲ್ಲಿ 212 ಮೂಟೆ

ಯುದ್ಧದ ಸುದ್ದಿ ಟಿ.ವಿ.ಯಲ್ಲಿ ಬಂದಾಗ ಗೋಡೌನಿನಲ್ಲಿ 212 ಮೂಟೆ ಪೊಟ್ಯಾಷ್ ಇತ್ತು. ಚೀಲದ ಮೇಲೆ ಅಚ್ಚಾಗಿದ್ದ ದರ ಸಾವಿರ ರೂಪಾಯಿ ಆಸುಪಾಸು. ಇನ್ನು ಬರುವ ಲೋಡು 1,700 ಎಂದು ಮಾರ್ಚ್ ಮೊದಲ ವಾರಕ್ಕೆ ಎಲ್ಲರಿಗೂ ಗೊತ್ತಾಗಿತ್ತು. ಅಚ್ಚಾದ ದರಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೂ ರಸಗೊಬ್ಬರ ನಿಯಂತ್ರಣ ಆದೇಶದಡಿ ಅಪರಾಧ. ಹಾಗಾಗಿ ಒಂದೊಂದು ಹಳೆ ಮೂಟೆಯೂ 700 ರೂಪಾಯಿ ಲಾಭದ ಚೀಟಿಯಿದ್ದಂತೆ. ಅದು ಯಾರಿಗೆ ಸಿಗಬೇಕು ಎಂಬ ಪ್ರಶ್ನೆಯನ್ನು ಮಂಡಳಿ ಸಭೆಗೆ ತರಲೇ ಇಲ್ಲ. ‘ಬಂದವರಿಗೆ ಕೊಡು’ ಎಂದು ಬಾಯಿಮಾತಿನಲ್ಲಿ ಹೇಳಿ ಬಿಟ್ಟರು.

ಎಂಟು ದಿನದಲ್ಲಿ ಖಾಲಿ. ಆಮೇಲೆ ಲೆಕ್ಕ ಹಾಕಿದಾಗ 860 ಸದಸ್ಯರಲ್ಲಿ 37 ಮನೆಯವರು 150ಕ್ಕಿಂತ ಹೆಚ್ಚು ಮೂಟೆ ಎತ್ತಿದ್ದರು. ಆಗ ಗದ್ದೆಯಲ್ಲಿ ಬೇಸಿಗೆ ಬೆಳೆ ಇದ್ದವರು ಕಡಿಮೆ. ಮುಂಗಾರಿಗೆಂದು ಜಗುಲಿಯಲ್ಲಿ ಪೇರಿಸಿಟ್ಟವರೇ ಹೆಚ್ಚು. ಹಟ್ಟಿ ಕೊನೆಯ ಅರ್ಧ ಎಕರೆಯವರಿಗೆ ಸುದ್ದಿ ತಿಳಿಯುವ ಹೊತ್ತಿಗೆ ಷಟರ್ ಎಳೆದಾಗಿತ್ತು.

ಇದಕ್ಕೆ ಅಂಟಿಕೊಂಡು ಇನ್ನೊಂದು ಎಡವಟ್ಟು. ಸಬ್ಸಿಡಿ ಗೊಬ್ಬರವನ್ನು ಆಧಾರ್ ಹೆಬ್ಬೆಟ್ಟು ಒತ್ತಿಸಿಕೊಂಡು ಪಾಸ್ ಮೆಷಿನ್‌ನಲ್ಲೇ ಮಾರಬೇಕು. ಮೆಷಿನ್ ತೋರಿಸುವ ದಾಸ್ತಾನೂ ಗೋಡೌನಿನಲ್ಲಿರುವ ದಾಸ್ತಾನೂ ಒಂದೇ ಇರಬೇಕು. ನೂಕುನುಗ್ಗಲಿನಲ್ಲಿ ಸರ್ವರ್ ಕೈಕೊಟ್ಟಿತು. ಗುಮಾಸ್ತರು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಮಾಲು ಕೊಟ್ಟು, ಸಂಜೆ ಸಿಕ್ಕ ನಾಲ್ಕೈದು ಜನರ ಹೆಬ್ಬೆಟ್ಟಿನಲ್ಲಿ ಎಲ್ಲವನ್ನೂ ಇಳಿಸಿದರು. ತಿಂಗಳ ನಂತರ ತಪಾಸಣೆಗೆ ಬಂದವರಿಗೆ ಮುಕ್ಕಾಲು ಎಕರೆಯ ಒಬ್ಬ ಸದಸ್ಯರ ಹೆಸರಿನಲ್ಲಿ 40 ಮೂಟೆ ಕಂಡಿತು. ನೋಟಿಸ್ ಬಂತು. ಗುಮಾಸ್ತರು ಒಂದು ಮೂಟೆಯನ್ನೂ ಕದ್ದಿರಲಿಲ್ಲ, ಆದರೆ ಅದನ್ನು ತೋರಿಸುವ ಕಾಗದ ಅವರ ಬಳಿ ಇರಲಿಲ್ಲ. ಸರ್ವರ್ ಬಿದ್ದಾಗ ಮಾರಾಟವನ್ನೇ ನಿಲ್ಲಿಸಿ ಟೋಕನ್ ಕೊಟ್ಟು ಕಳಿಸಿದ್ದರೆ ಬೈಗುಳ ಬೀಳುತ್ತಿತ್ತು, ನೋಟಿಸ್ ಬರುತ್ತಿರಲಿಲ್ಲ.

ಪೊಟ್ಯಾಷ್ ಬಿಟ್ಟ ಮುಂಗಾರು

2022ರ ಮುಂಗಾರಿಗೆ ಪೊಟ್ಯಾಷ್ ಬಂತು, 1,700ರ ದರದಲ್ಲಿ. ಕೊಳ್ಳುವವರಿಲ್ಲ. ಡಿಎಪಿ 1,200ರಿಂದ 1,350ಕ್ಕೆ ನಿಂತಿತ್ತು, ಏಕೆಂದರೆ ಮಿಕ್ಕದ್ದನ್ನು ಕೇಂದ್ರ ಸರ್ಕಾರ ಹೊತ್ತಿತ್ತು. 45 ಕೆ.ಜಿ. ಯೂರಿಯಾ ಮೂಟೆ 266 ರೂಪಾಯಿ 50 ಪೈಸೆಯಿಂದ ಕದಲಿರಲಿಲ್ಲ. (ಆ ವರ್ಷ ದೇಶದ ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತು. ದೂರದ ಯುದ್ಧಕ್ಕೆ ನಾವು ತೆತ್ತ ಬೆಲೆ ಬಹುಪಾಲು ಚೀಲದ ಮೇಲಲ್ಲ, ಬಜೆಟ್ಟಿನಲ್ಲಿತ್ತು.) ಮೂರು ಗೊಬ್ಬರದಲ್ಲಿ ಒಂದು ಮಾತ್ರ ಕಣ್ಣಿಗೆ ಹೊಡೆಯುವಂತೆ ಏರಿದಾಗ ರೈತ ಬಿಡುವುದು ಅದನ್ನೇ. ಪೊಟ್ಯಾಷ್ ಬಿಟ್ಟದ್ದು ಪೈರಿನಲ್ಲಿ ಕೂಡಲೇ ಕಾಣುವುದೂ ಇಲ್ಲ. ‘ಯೂರಿಯಾ ಬಿದ್ರೆ ಸಾಕು ಕಣಣ್ಣ, ಪೈರು ಕರ್ರುಗೆ ಏಳ್ತದೆ’ ಎಂಬ ಮಾತು ಕಟ್ಟೆ ಮೇಲೆ ಓಡಾಡಿತು. ಹಾಗೆ ಏಳುವುದೂ ನಿಜ.

ಸಂಘದಲ್ಲಿ ಆ ಇಡೀ ವರ್ಷ ಮಾರಾಟವಾದ ಪೊಟ್ಯಾಷ್ 170 ಮೂಟೆ. ಯೂರಿಯಾ ಹಿಂದಿನ ವರ್ಷಕ್ಕಿಂತ 500 ಮೂಟೆ ಹೆಚ್ಚು ಹೋಯಿತು. ಈ ಒಂದು ಸಂಘದ ಮೂರ್ಖತನ ಎಂದು ಇದನ್ನು ಓದಬಾರದು. ದೇಶದಲ್ಲೇ ಪೊಟ್ಯಾಷ್ ಮಾರಾಟ 2020-21ರ ಸುಮಾರು 34 ಲಕ್ಷ ಟನ್ನಿನಿಂದ 2022-23ಕ್ಕೆ ಸುಮಾರು 16 ಲಕ್ಷ ಟನ್ನಿಗೆ ಇಳಿಯಿತು. 4:2:1 ಇರಬೇಕೆನ್ನುವ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಅನುಪಾತ ಆ ವರ್ಷ 11.8:4.6:1 ಆಗಿತ್ತು.

ಅಕ್ಟೋಬರ್ ಹೊತ್ತಿಗೆ ಹಳೆ ಎಲೆಗಳ ತುದಿ, ಅಂಚು ಒಣಗತೊಡಗಿತು. ಅದನ್ನು ರೋಗವೆಂದು ತಿಳಿದು ಔಷಧ ಹೊಡೆದವರಿದ್ದರು. ನಂತರ ಬೆಂಕಿ ರೋಗ ನಿಜವಾಗಿಯೇ ಬಂತು. ಸಾರಜನಕ ಹೆಚ್ಚಾಗಿ ಪೊಟ್ಯಾಷ್ ಕಡಿಮೆಯಾದ ಪೈರಿಗೆ ಅದು ಬೇಗ ಹಿಡಿಯುತ್ತದೆ. ಕೊನೆಗೆ ಮಳೆಗೆ ಪೈರು ಮಲಗಿತು.

ಒಂದೇ ತೂಬಿನ ಕೆಳಗೆ ಐಆರ್-64 ತಳಿಯ ಭತ್ತ ನಾಟಿ ಮಾಡಿದ್ದ 14 ತಾಕುಗಳನ್ನು ಸಂಘದ ನಿರ್ದೇಶಕರೊಬ್ಬರು ಗುರುತು ಹಾಕಿಕೊಂಡರು. ಪೊಟ್ಯಾಷ್ ಬಿಟ್ಟು ಯೂರಿಯಾ ಏರಿಸಿದ್ದ ಒಂಬತ್ತರಲ್ಲಿ ಆರು ಮಲಗಿದ್ದವು. ಪೊಟ್ಯಾಷ್ ಹಾಕಿದ್ದ ಐದರಲ್ಲಿ ಒಂದು. ಇಳುವರಿಯಲ್ಲಿ ಎಕರೆಗೆ ಮೂರೂವರೆ ಕ್ವಿಂಟಲ್ ಅಂತರ. ಇದು ಪ್ರಯೋಗವಲ್ಲ, 1,700 ಕೊಟ್ಟು ಪೊಟ್ಯಾಷ್ ಹಾಕಿದವರು ಮಿಕ್ಕ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವರೇ ಇದ್ದಿರಬಹುದು. ಅಂತರದ ಅರ್ಧವನ್ನು ಅದಕ್ಕೇ ಬಿಟ್ಟುಕೊಟ್ಟರೂ ಮುಂದಿನ ಲೆಕ್ಕ ನಿಲ್ಲುತ್ತದೆ.

ಹಲಗೆ ಮೇಲಿನ ಲೆಕ್ಕ

ಡಿಸೆಂಬರ್ ಸಭೆಯಲ್ಲಿ ಆ ನಿರ್ದೇಶಕರು ಸಂಘದ ಕಪ್ಪು ಹಲಗೆಯ ಮೇಲೆ ಬರೆದದ್ದು ಇದು. ಪ್ರಕರಣದ ಮೊದಲ ತಿರುವು ಇಲ್ಲಿದೆ.

ನೀರಾವರಿ ಭತ್ತಕ್ಕೆ ಎಕರೆಗೆ ಶಿಫಾರಸು 40 ಕೆ.ಜಿ. ಸಾರಜನಕ, 20 ರಂಜಕ, 20 ಪೊಟ್ಯಾಷ್. 50 ಕೆ.ಜಿ. ಮೂಟೆಯಲ್ಲಿ ಪೋಷಕಾಂಶವಾದ ಪೊಟ್ಯಾಷ್ ಶೇ 60 ಇರುವುದರಿಂದ 20 ಕೆ.ಜಿ.ಗೆ ಬೇಕಾದದ್ದು 33 ಕೆ.ಜಿ. ಗೊಬ್ಬರ, ಅಂದರೆ ಮೂಟೆಯ ಮೂರನೇ ಎರಡು ಪಾಲು. ಹಳೆ ದರದಲ್ಲಿ 667 ರೂಪಾಯಿ, ಹೊಸ ದರದಲ್ಲಿ 1,133. ಎಕರೆಗೆ ಹೆಚ್ಚಾದದ್ದು 466 ರೂಪಾಯಿ. ಕಳೆದುಕೊಂಡದ್ದು, ಮೂರೂವರೆ ಕ್ವಿಂಟಲ್ಲಿನ ಅರ್ಧ ಎಂದು ಹಿಡಿದರೂ, ಆ ವರ್ಷದ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,040ರಂತೆ 3,570 ರೂಪಾಯಿ. ಕಬ್ಬಿಗೆ ಶಿಫಾರಸು ಎಕರೆಗೆ 50 ಕೆ.ಜಿ.; 83 ಕೆ.ಜಿ. ಗೊಬ್ಬರ. ಹೆಚ್ಚಾದ ಖರ್ಚು 1,167 ರೂಪಾಯಿ.

ಯಾರೂ ಈ ಲೆಕ್ಕವನ್ನು ಎಕರೆಗೆ ಮಾಡಿರಲಿಲ್ಲ. ಎಲ್ಲರೂ ಮೂಟೆಗೆ ಮಾಡಿದ್ದರು. ‘ಸಾವಿರದ್ದು ಸಾವಿರದೇಳ್ನೂರು’ ಎಂದಾಗ ಎದೆ ಹಾರುತ್ತದೆ. ಎಕರೆಗೆ 466 ಎಂದರೆ ಒಂದು ಆಳಿನ ಕೂಲಿ.

ಎರಡನೇ ಲೆಕ್ಕ ಇನ್ನೂ ಉಪಯೋಗಕ್ಕೆ ಬಂತು. ಬೇರೆ ಚೀಲದಲ್ಲಿ ಪೊಟ್ಯಾಷ್ ಅಗ್ಗವೇ? 1,700ರ ಮೂಟೆಯಲ್ಲಿ 30 ಕೆ.ಜಿ. ಪೊಟ್ಯಾಷ್, ಕೆ.ಜಿ.ಗೆ 56 ರೂಪಾಯಿ 70 ಪೈಸೆ. ಯೂರಿಯಾದಿಂದ ಸಾರಜನಕ ಕೆ.ಜಿ.ಗೆ ಸುಮಾರು 13 ರೂಪಾಯಿ. ಅದನ್ನು ಕಳೆದರೆ 1,350ರ ಡಿಎಪಿಯಲ್ಲಿ ರಂಜಕ ಕೆ.ಜಿ.ಗೆ 53 ರೂಪಾಯಿ 60 ಪೈಸೆ ಬೀಳುತ್ತದೆ. ಅದೇ ದರ ಹಿಡಿದು 1,470ರ 10-26-26 ಮೂಟೆಯಿಂದ ಸಾರಜನಕ, ರಂಜಕದ ಬೆಲೆ ತೆಗೆದರೆ ಉಳಿದ 13 ಕೆ.ಜಿ. ಪೊಟ್ಯಾಷ್ ಕೆ.ಜಿ.ಗೆ 54 ರೂಪಾಯಿ ಚಿಲ್ಲರೆ. ಹೆಚ್ಚೂಕಡಿಮೆ ಒಂದೇ. ಆದರೆ ಎಕರೆಗೆ ಒಂದೂವರೆ ಮೂಟೆ 10-26-26 ತಳಗೊಬ್ಬರ, 70 ಕೆ.ಜಿ. ಯೂರಿಯಾ ಮೇಲುಗೊಬ್ಬರ ಎಂದು ಹೇಳಿದರೆ ರೈತ ಒಪ್ಪುತ್ತಾನೆ, ಏಕೆಂದರೆ 1,700 ಎಂಬ ಅಂಕಿ ಕಣ್ಣಿಗೆ ಬೀಳುವುದಿಲ್ಲ. ಒಂದು ಕೊರತೆಯಿದೆ. ಮರಳು ಮಣ್ಣಿನಲ್ಲಿ ಪೊಟ್ಯಾಷನ್ನು ಅರ್ಧ ತಳಕ್ಕೆ, ಅರ್ಧ ತೆನೆಗಟ್ಟುವ ಹೊತ್ತಿಗೆ ಕೊಡುವುದು ಒಳ್ಳೆಯದು. ಕಾಂಪ್ಲೆಕ್ಸ್‌ನಲ್ಲಿ ಎಲ್ಲವೂ ತಳಕ್ಕೇ ಹೋಗುತ್ತದೆ. ಅದಕ್ಕೆ ತೀರಾ ಹಗುರ ಮಣ್ಣಿನವರಿಗೆ ಒಂದು ಮೂಟೆ ಕಾಂಪ್ಲೆಕ್ಸ್, ತೆನೆ ಹೊತ್ತಿಗೆ 12 ಕೆ.ಜಿ. ಬಿಡಿ ಪೊಟ್ಯಾಷ್ ಎಂದರು. ಅದರಲ್ಲಿ ರಂಜಕ 13 ಕೆ.ಜಿ.ಯೇ ಬೀಳುತ್ತದೆ, ವರ್ಷಗಟ್ಟಲೆ ಡಿಎಪಿ ಸುರಿದ ಗದ್ದೆಗಳಲ್ಲಿ ಒಂದು ಬೆಳೆಗೆ ಅಷ್ಟು ನಡೆಯುತ್ತದೆ.

ಜೊತೆಗೆ 32 ಹಿಡುವಳಿಯ ಮಣ್ಣು ಪರೀಕ್ಷೆ. ಮೊದಲ ಸಲ ತಂದ ಮಾದರಿಗಳಲ್ಲಿ ಹತ್ತನ್ನು ಬಿಸಾಡಬೇಕಾಯಿತು: ಒಬ್ಬರು ಬದುವಿನ ಮಣ್ಣು ತಂದಿದ್ದರು, ಇನ್ನೊಬ್ಬರು ತಿಪ್ಪೆ ಪಕ್ಕದ್ದು, ಮೂವರು ಗೊಬ್ಬರದ ಚೀಲದಲ್ಲೇ ತುಂಬಿದ್ದರು. ಎರಡನೇ ಸಲ ಹೇಳಿಕೊಟ್ಟು ಮಾಡಿಸಿದರು: ತಾಕಿನಲ್ಲಿ ಎಂಟು ಕಡೆ ಗೇಣುದ್ದ ಆಳಕ್ಕೆ ಗುಳಿ ತೋಡಿ ಪಕ್ಕದಿಂದ ಹೋಳು ತೆಗೆದು, ಗುಡ್ಡೆ ಮಾಡಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಬಿಟ್ಟು, ಕೊನೆಗೆ ಅರ್ಧ ಕೆ.ಜಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ. ಹೆಕ್ಟೇರಿಗೆ ಸುಮಾರು 145 ಕೆ.ಜಿ.ಗಿಂತ ಕೆಳಗಿದ್ದರೆ ಪೊಟ್ಯಾಷ್ ‘ಕಡಿಮೆ’, ಸುಮಾರು 337 ದಾಟಿದರೆ ‘ಹೆಚ್ಚು’. ಕಡಿಮೆ 11, ಮಧ್ಯಮ 17, ಹೆಚ್ಚು 4. ಕಡಿಮೆ ಬಂದ ಹನ್ನೊಂದರಲ್ಲಿ ಒಂಬತ್ತು ನಾಲೆಯ ಕೊನೆಯ ಮರಳು ತಾಕುಗಳು. ಮಾರ್ಚ್‌ನಲ್ಲಿ ಹಳೆ ಮೂಟೆ ಸಿಗದೆ ಹೋದದ್ದು ಇವರಿಗೇ.

ಬೂದಿ, ಹುಲ್ಲು, ಗಂಜಲ

ಆಮದಿಲ್ಲದ ಪೊಟ್ಯಾಷ್ ಎಲ್ಲಿದೆ ಎಂದು ಹುಡುಕಿದಾಗ ಮೊದಲು ನೆನಪಾದದ್ದು ಆಲೆಮನೆ ಬೂದಿ. ಟ್ರ್ಯಾಕ್ಟರ್‌ಗಟ್ಟಲೆ ತಂದು ಸುರಿದವರಿದ್ದಾರೆ. ಆದರೆ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಹೆಚ್ಚಿನದು ಮರಳಿನ ಜಾತಿಯ ಸಿಲಿಕ, ಪೊಟ್ಯಾಷ್ ಸ್ವಲ್ಪವೇ. ಸೌದೆ ಬೂದಿ ಅದಕ್ಕಿಂತ ಮೇಲು. ಎರಡನ್ನೂ ಯೂರಿಯಾ ಜೊತೆ ಬೆರೆಸಿ ಎರಚಿದವರು ಯೂರಿಯಾವನ್ನೂ ಕಳೆದುಕೊಂಡರು: ಬೂದಿಯ ಕ್ಷಾರಕ್ಕೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಮೂಗಿಗೆ ಘಾಟು ಹೊಡೆದರೆ ದುಡ್ಡು ಹಾರುತ್ತಿದೆ ಎಂದೇ ಅರ್ಥ.

ಸಕ್ಕರೆ ಸೀಮೆಗೆ ಹೇಳಿಮಾಡಿಸಿದಂತಿರುವುದು ಕಾಕಂಬಿಯಿಂದ ಬರುವ ಪೊಟ್ಯಾಷ್. ಡಿಸ್ಟಿಲರಿಯಲ್ಲಿ ಕಾಕಂಬಿ ಹುಳಿಸಿ ಮದ್ಯಸಾರ ತೆಗೆದ ಮೇಲೆ ಉಳಿಯುವ ಕೊಳೆನೀರನ್ನು ಬಾಯ್ಲರಿನಲ್ಲಿ ಸುಟ್ಟಾಗ ಸಿಗುವ ಬೂದಿಯಿಂದ ಇದನ್ನು ಹರಳು ಮಾಡುತ್ತಾರೆ. ಕನಿಷ್ಠ ಶೇ 14.5 ಪೊಟ್ಯಾಷ್. 2021ರ ಅಕ್ಟೋಬರ್‌ನಿಂದ ಇದಕ್ಕೂ ಸಬ್ಸಿಡಿ ಇದೆ. ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ ಸುಲಭ: 50 ಕೆ.ಜಿ. ಚೀಲದಲ್ಲಿ ಏಳೂಕಾಲು ಕೆ.ಜಿ. ಪೊಟ್ಯಾಷ್. ಆಮದು ಮೂಟೆ 1,700 ಇದ್ದಾಗ ಇದು 411 ರೂಪಾಯಿಗಿಂತ ಕಡಿಮೆಗೆ ಸಿಕ್ಕರೆ ಮಾತ್ರ ಲಾಭ. ಅದು ಸಾವಿರಕ್ಕೆ ಇಳಿದರೆ ಇದು 242ರೊಳಗೆ ಸಿಗಬೇಕು. ಮೇಲಾಗಿ ಒಂದು ಮೂಟೆ ಹೊರುವ ಕಡೆ ನಾಲ್ಕು ಹೊರಬೇಕು. ಸಂಘ 60 ಮೂಟೆ ತರಿಸಿ ಕೊಳವೆಬಾವಿ ಪಕ್ಕದ ಕಬ್ಬಿನವರಿಗೆ ಕೊಟ್ಟು ಸುಮ್ಮನಾಯಿತು.

ದೊಡ್ಡ ಕಣಜ ಇದ್ದದ್ದು ಕೊಟ್ಟಿಗೆಯಲ್ಲಿ. ಭತ್ತದ ಪೈರು ಎತ್ತಿಕೊಂಡ ಪೊಟ್ಯಾಷ್‌ನಲ್ಲಿ ಹೆಚ್ಚಿನದು ಕಾಳಿಗಲ್ಲ, ಹುಲ್ಲಿಗೆ ಹೋಗುತ್ತದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 15ರಿಂದ 20 ಕೆ.ಜಿ. ಮಂಡ್ಯದಲ್ಲಿ ಹುಲ್ಲನ್ನು ಸುಡುವುದಿಲ್ಲ, ಮೆದೆ ಹಾಕಿ ದನಕ್ಕೆ ಹಾಕುತ್ತಾರೆ. ದನ ತಿಂದ ಪೊಟ್ಯಾಷ್ ಬಹುಪಾಲು ಗಂಜಲದಲ್ಲಿ ಇಳಿಯುತ್ತದೆ. ಗಂಜಲ ಚರಂಡಿಗೆ. ಸಗಣಿಯನ್ನು ಮಾತ್ರ ಜೋಪಾನ ಮಾಡಿ ತಿಪ್ಪೆಗೆ ಹಾಕುವ ಮನೆ, ರಷ್ಯಾದಿಂದ ಬಂದ ಪೊಟ್ಯಾಷನ್ನು ರಸ್ತೆಗೆ ಹರಿಸುತ್ತಿರುತ್ತದೆ. ಕೊಟ್ಟಿಗೆ ನೆಲಕ್ಕೆ ಕಬ್ಬಿನ ತರಗನ್ನು ಆರು ಅಂಗುಲ ಹಾಸಿ, ಗಂಜಲ ಹೀರಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ ಎತ್ತಿ ತಿಪ್ಪೆಗೆ ಹಾಕುವುದನ್ನು 23 ಮನೆಗಳು ಹಿಡಿದವು. (ಬೂದಿ ಹಾಸುವುದು ಬೇಡ, ಮೇಲೆ ಹೇಳಿದ ಕಾರಣಕ್ಕೇ.) ಗದ್ದೆಯಲ್ಲೇ ತರಗು ಸುಡುವವರಿಗೂ ಒಂದು ಮಾತು: ಬೆಂಕಿಗೆ ಪೊಟ್ಯಾಷ್ ಅಷ್ಟಾಗಿ ಹೋಗುವುದಿಲ್ಲ, ಸಾರಜನಕ, ಗಂಧಕ ಹೋಗುತ್ತವೆ. ಪೊಟ್ಯಾಷ್ ಹೆಚ್ಚಾಗಿ ಹೋಗುವುದು ಆಮೇಲೆ ತುಂಬ ನೀರು ಕಟ್ಟಿ ಬೂದಿಯನ್ನು ತೊಳೆದಾಗ.

ಎರಡನೇ ತಪ್ಪು

ಲೆಕ್ಕ ಕಲಿತ ಸಂಘ ಎರಡು ತಿಂಗಳಲ್ಲೇ ಮತ್ತೆ ಬಿದ್ದದ್ದು ಈ ಪ್ರಕರಣದ ಮುಖ್ಯ ಭಾಗ. ಹಿಂದಿನ ಸಲ ಮಾಲಿಲ್ಲದೆ ಮರ್ಯಾದೆ ಹೋಯಿತೆಂದು 2023ರ ಫೆಬ್ರವರಿಯಲ್ಲಿ ಮಂಡಳಿ ಸಾಲ ಮಾಡಿ 500 ಮೂಟೆ ಪೊಟ್ಯಾಷ್, 400 ಮೂಟೆ 10-26-26 ಒಮ್ಮೆಗೇ ತರಿಸಿತು. ಸುಮಾರು 14 ಲಕ್ಷ ರೂಪಾಯಿ, ಶೇ 10 ಬಡ್ಡಿ. ಯುದ್ಧ ನಿಂತಿಲ್ಲ, ಆದ್ದರಿಂದ ದರ ಏರುತ್ತದೆ ಎಂಬುದು ತರ್ಕ.

ಯುದ್ಧ ನಿಲ್ಲಲಿಲ್ಲ, ದರ ಇಳಿಯಿತು. ಬೆಲಾರೂಸ್‌ನ ಮಾಲು ರಷ್ಯಾದ ಬಂದರುಗಳ ಮೂಲಕ, ಚೀನಾಕ್ಕೆ ರೈಲಿನಲ್ಲಿ ದಾರಿ ಹುಡುಕಿಕೊಂಡಿತ್ತು. ರಷ್ಯಾದ ಗೊಬ್ಬರದ ಮೇಲೆ ಪೂರ್ತಿ ನಿಷೇಧ ಯಾವತ್ತೂ ಬಂದಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಹಾಗೆಯೇ ಜಗತ್ತಿನ ರೈತರೂ ದುಬಾರಿ ಪೊಟ್ಯಾಷ್ ಬಿಟ್ಟಿದ್ದರಿಂದ ಬೇಡಿಕೆ ಕುಸಿದಿತ್ತು. ಭಾರತದ ಒಪ್ಪಂದದ ದರ 2023ರಲ್ಲಿ 422 ಡಾಲರ್‌ಗೆ, 2024ರಲ್ಲಿ 300ರೊಳಕ್ಕೆ ಬಂತು. ಕೇಂದ್ರ ಸರ್ಕಾರ ಒಂದು ಕೆ.ಜಿ. ಪೊಟ್ಯಾಷ್‌ಗೆ ಕೊಡುತ್ತಿದ್ದ ಸಬ್ಸಿಡಿಯನ್ನು 2022ರ ಮುಂಗಾರಿನ 25.31 ರೂಪಾಯಿಯಿಂದ 2023ರ ಹಿಂಗಾರಿಗೆ 2.38ಕ್ಕೆ ಇಳಿಸಿತು. ಹಾಗಾಗಿ ಹೊರಗೆ ಅರ್ಧಕ್ಕರ್ಧ ಇಳಿದದ್ದು ಚೀಲದ ಮೇಲೆ ಸ್ವಲ್ಪವೇ ಕಂಡಿತು. ಆದರೂ 1,700ಕ್ಕಿಂತ ಕೆಳಗೆ ಬಂತು, ಅಷ್ಟು ಸಾಕಾಗಿತ್ತು.

ಇದರ ಮೇಲೆ ಬರ. 2023ರಲ್ಲಿ ಕೆಆರ್‌ಎಸ್ ತನ್ನ ಪೂರ್ಣ ಮಟ್ಟವಾದ 124.80 ಅಡಿ ಮುಟ್ಟಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದಿತು. ನಾಲೆ ಕೊನೆಯಲ್ಲಿ ನಾಟಿಯೇ ಆಗದ ಮೇಲೆ ಗೊಬ್ಬರ ಯಾರಿಗೆ? ಮುಂಗಾರಿನಲ್ಲಿ ಹೋದದ್ದು 140 ಮೂಟೆ ಪೊಟ್ಯಾಷ್. ಮಿಕ್ಕದ್ದು ಗೋಡೌನಿನಲ್ಲಿ ಕೂತಿತು. ಪೊಟ್ಯಾಷ್ ಹಳಸುವುದಿಲ್ಲ, ಆದರೆ ತೇವ ಹೀರಿ ಗಟ್ಟಿಯಾಗುತ್ತದೆ. ಕಾಂಪ್ಲೆಕ್ಸ್ ಇನ್ನೂ ಬೇಗ. ನೆಲಕ್ಕೆ ಹಲಗೆ ಹಾಕದೆ, ಗೋಡೆಗೆ ಒತ್ತಿ 18 ಸಾಲು ಎತ್ತರಕ್ಕೆ ಪೇರಿಸಿದ್ದರಿಂದ ಕೆಳಗಿನವು ಕಲ್ಲಾದವು. ಗೋಡೆಯಿಂದ ಎರಡಡಿ ಬಿಟ್ಟು ಹತ್ತು ಸಾಲಿಗೆ ನಿಲ್ಲಿಸಿದ್ದ ಇನ್ನೊಂದು ಮಗ್ಗುಲಿನವು ಚೆನ್ನಾಗಿಯೇ ಇದ್ದವು.

ಹದಿನಾಲ್ಕು ತಿಂಗಳಿಗೆ ಬಡ್ಡಿ ಸುಮಾರು 96 ಸಾವಿರ. ಅಷ್ಟೂ ಮೂಟೆಯನ್ನು ಪೂರ್ತಿ ದರಕ್ಕೆ ಮಾರಿದ್ದರೂ ಬರುತ್ತಿದ್ದ ಕಮಿಷನ್ ಸುಮಾರು 34 ಸಾವಿರ. ಕೊನೆಗೆ ಮೂಟೆಗೆ ನೂರು ರೂಪಾಯಿ ಬಿಟ್ಟು ಮಾರಿದರು, ಅಲ್ಲಿಗೆ ಕಮಿಷನ್ನೂ ಹೋಯಿತು.

ಮೊದಲ ತಪ್ಪಿನಲ್ಲಿ ದರ ನೋಡಿ ಗದ್ದೆ ಮರೆತಿದ್ದರು. ಎರಡನೆಯದರಲ್ಲಿ ಯುದ್ಧ ನೋಡಿ ಕಟ್ಟೆಯ ನೀರು ಮರೆತರು. ಯುದ್ಧ ಶುರುವಾಗುವುದು, ಸರಕಿನ ದಾರಿ ಮುಚ್ಚುವುದು, ದರ ಏರುವುದು ಮೂರೂ ಬೇರೆ ಬೇರೆ ಗಡಿಯಾರದಲ್ಲಿ ನಡೆಯುತ್ತವೆ. 2022ರಲ್ಲಿ ದಾರಿ ಮುಚ್ಚಿದ್ದು ಯುದ್ಧಕ್ಕೆ ಮುಂಚೆ, ತೆರೆದದ್ದು ಯುದ್ಧ ನಡೆಯುತ್ತಿರುವಾಗಲೇ. ಸಂಘ ನೋಡಬೇಕಿದ್ದದ್ದು ಫಿರಂಗಿಯನ್ನಲ್ಲ, ಬಂದರನ್ನು.

ಈಗಿನ ಪದ್ಧತಿ

2024ರ ಏಪ್ರಿಲ್‌ನಲ್ಲಿ ಮಂಡಳಿ ನಿರ್ಣಯ ಬರೆಯಿತು. ಯಾವ ಗೊಬ್ಬರವನ್ನೂ ಒಂದು ಹಂಗಾಮಿನ ಅಂದಾಜು ಬೇಡಿಕೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಾಲದ ದುಡ್ಡಿನಲ್ಲಿ ತರಿಸುವಂತಿಲ್ಲ. ಎರಡನೇ ಕಂತು ನಾಲೆಗೆ ನೀರು ಬಿಡುವ ತೀರ್ಮಾನ ಆದ ಮೇಲೆ. ದರ ಏರುವ ಸುದ್ದಿ ಬಂದ ದಿನ ಇರುವ ಹಳೆ ಮೂಟೆಗಳನ್ನು ಪಹಣಿ ನೋಡಿ ಎಕರೆ ಲೆಕ್ಕದಲ್ಲಿ, ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಬಂದವರಿಗೆ ಮೊದಲು. ಕೊನೆಯ ಈ ಸಾಲಿಗೆ ಇಬ್ಬರು ನಿರ್ದೇಶಕರು ಸಹಿ ಹಾಕಲಿಲ್ಲ; ಇಬ್ಬರದೂ ಪೊಟ್ಯಾಷ್ ಹಿಡಿದಿಟ್ಟುಕೊಳ್ಳುವ ಕೆಬ್ಬೆ ಮಣ್ಣು.

ಆ ಹೊತ್ತಿಗೆ ಇನ್ನೊಂದು ಸಂಘರ್ಷ ನಡೆದಿತ್ತು. 2023ರ ನವೆಂಬರ್‌ನಿಂದ ಯೆಮನ್‌ನ ಹೂಥಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದರು; ಇಸ್ರೇಲಿನ ಐಲಾತ್ ಬಂದರು ಹೆಚ್ಚುಕಡಿಮೆ ನಿಂತುಹೋಗಿತ್ತು, ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಬರುತ್ತಿದ್ದವು. ಮೃತ ಸಮುದ್ರದ ಪೊಟ್ಯಾಷ್ ನಿಲ್ಲುತ್ತದೆಂದು ಮತ್ತೆ 300 ಮೂಟೆ ತರಿಸುವ ಮಾತು ಸಭೆಗೆ ಬಂತು. ಹಲಗೆ ಮೇಲೆ ಲೆಕ್ಕ ಹಾಕಿ 80ಕ್ಕೆ ನಿಲ್ಲಿಸಿದರು. ಅದು ಸರಿಯಾಯಿತು, ಪೊಟ್ಯಾಷ್‌ಗೆ ಕೊರತೆ ಬರಲಿಲ್ಲ.

ಕೊರತೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಡಿಎಪಿಗೆ. ಚೀನಾ ಮತ್ತೆ ರಫ್ತು ಬಿಗಿಮಾಡಿತ್ತು. ಮಂಡಳಿಯ ಗಮನವೆಲ್ಲ ಪೊಟ್ಯಾಷ್ ಮೇಲೇ ಇದ್ದದ್ದರಿಂದ ಗೋಡೌನಿನಲ್ಲಿ ಡಿಎಪಿ 30 ಮೂಟೆಯಷ್ಟೇ. ಈ ಸಲ ನೂಕುನುಗ್ಗಲಾಗಲಿಲ್ಲ, ಟೋಕನ್ ಕೊಟ್ಟರು. ಹಲಗೆ ಮೇಲೆ ಬದಲಿ ಲೆಕ್ಕ ಬರೆದಿಟ್ಟರು: ಒಂದು ಮೂಟೆ ಡಿಎಪಿ ಬದಲು ಮೂರು ಮೂಟೆ ಸಿಂಗಲ್ ಸೂಪರ್ ಫಾಸ್ಫೇಟ್, ಜೊತೆಗೆ 20 ಕೆ.ಜಿ. ಯೂರಿಯಾ, ಗಂಧಕ ಪುಕ್ಕಟೆ ಸಿಗುತ್ತದೆ. ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಯಿತು. ಮೂರು ಮೂಟೆಯನ್ನು ಗದ್ದೆ ಬದುವಿನ ಮೇಲೆ ಹೊರುವ ಆಳು ಯಾರು ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದಕ್ಕೆ ನಡಾವಳಿ ಪುಸ್ತಕದಲ್ಲಿ ಉತ್ತರ ಬರೆದಿಲ್ಲ.